ಗಾಲಿ ತೆಗೆದ ಮೋಟಾರು

ಕೊಣ್ಣೂರಿನ ಗುರುಲಿಂಗಪ್ಪನ ಹಿರೇಮಗ ರಾಚಪ್ಪ ತನ್ನ ಬಾಡಿಗಿ ಮೋಟಾರಿನಲ್ಲಿ ಕುಳಿತಲ್ಲೇ ಸತ್ತ. ಹುಕ್ಕೇರಿ ಸಂತೆಗೆ ಹೋದವರನ್ನು ಕರೆತಂದು, ಒಬ್ಬೊಬ್ಬರನ್ನು ಅವರವರ ಓಣಿಯ ಬಾಯಿಗೆ ಇಳಿಸಿ, ಮಟಮಟ ಮಧ್ಯಾಹ್ನದ ಹೊತ್ತಿಗೆ ಮೋಟಾರನ್ನು ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದ. ಇಳಿಯಲಿಲ್ಲ. ಹೆಂಡತಿ ಪಾರವ್ವ ಕೈಕಾಲಿಗೆ ನೀರು ಇಟ್ಟಳು, ಒಲೆಯ ಮೇಲೆ ಹಂಚು ಇಟ್ಟಳು, ಎರಡು ರೊಟ್ಟಿ ಬಡಿದಳು. ಮೂರನೆಯದು ಬಡಿಯುವಾಗ ಇಂಜಿನ್ನಿನ ಸದ್ದು ಇನ್ನೂ ನಿಂತಿಲ್ಲವಲ್ಲ ಅನಿಸಿ ಹೊರಗೆ ಬಂದಳು. ರಾಚಪ್ಪ ಚಕ್ರದ ಮೇಲೆ ಎರಡೂ ಕೈ ಇಟ್ಟು, ದಾರಿ ನೋಡುವವನಂತೆ ಮುಂದಕ್ಕೆ ನೋಡುತ್ತಿದ್ದ. ಮೂವತ್ತು ತುಂಬಿರಲಿಲ್ಲ. ಎದೆ ಒಡೆದು ಹೋದ ಅಂದರು ಜನ.

ಓಣಿಯೆಲ್ಲ ಕೂಡಿತು. ಇಂಜಿನ್ನನ್ನು ಬಂದ್ ಮಾಡುವುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಹೆಣ ಹಿಡಿದಿರುವ ಯಂತ್ರಕ್ಕೆ ಕೈ ಹಚ್ಚಲು ಗಂಡಸರೂ ಹೆದರಿದರು. ತಾಯಿ ಅಕ್ಕವ್ವ ಮಗನ ಮೊಣಕಾಲು ಹಿಡಿದು ಅಳುತ್ತಿದ್ದರೆ ಅವಳ ದನಿ ಆ ಗುಡುಗುಡು ಸದ್ದಿನಲ್ಲಿ ಅರ್ಧ ಮುಳುಗಿ ಹೋಗುತ್ತಿತ್ತು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಕಿರೇಮಗ ದುಂಡಪ್ಪನಿಗೆ ಸುದ್ದಿ ಮುಟ್ಟಿ, ಅವನು ಸೈಕಲ್ ತುಳಿದುಕೊಂಡು ಬರುವ ತನಕ ಒಂದು ತಾಸು ಹಾಗೇ ನಡೆಯಿತು. ಬಂದವನೇ ಅಣ್ಣನ ತೋಳಿನ ಕೆಳಗೆ ಕೈ ತೂರಿಸಿ ಕೀಲಿ ತಿರುವಿದ. ಅಂಗಳ ಒಮ್ಮೆಲೇ ತಣ್ಣಗಾಯಿತು.

ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವುದು. ರಾಚಪ್ಪನನ್ನು ಬೇರೆ ಕೂಡಿಸುವ ಕೆಲಸವೇ ಬೀಳಲಿಲ್ಲ ಅಂತ ಎತ್ತಿದವರು ಆಮೇಲೆ ಮೆಲ್ಲಗೆ ಆಡಿಕೊಂಡರು.

ಅಕ್ಕವ್ವನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು. ಮೋಟಾರು ಉಸಿರಾಡುವ ತನಕ ಮಗನಿಗೂ ಉಸಿರು ಇತ್ತು. ತಮ್ಮನೇ ಬಂದು ಅದನ್ನು ನಿಲ್ಲಿಸಿದ. ಅಂದಿನಿಂದ ಅವಳು ದುಂಡಪ್ಪನ ಕೂಡ ಮಾತು ಬಿಟ್ಟಳು. ಅವನ ಗಂಗಾಳಕ್ಕೆ ರೊಟ್ಟಿ ಹಾಕುತ್ತಿದ್ದಳು, ಮೊಸರು ಬಡಿಸುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಅದು ಯುದ್ಧದ ನಾಲ್ಕನೆಯ ವರ್ಷ. ಪೆಟ್ರೋಲಿಗೆ ಕೂಪನ್ನು ಬಂದಿತ್ತು, ಜೋಳ ತುಟ್ಟಿಯಾಗಿತ್ತು. ಮೋಟಾರು ಅಂಗಳದ ಬದಿಯ ತಗಡಿನ ಚಪ್ಪರದಲ್ಲಿ ಸುಮ್ಮನೆ ನಿಂತಿತ್ತು. ಓಡಿಸಲು ಬೇರೆ ಆಳಿಡುವ ತಾಕತ್ತು ಮನೆಗಿರಲಿಲ್ಲ. ಅದಕ್ಕೆ ವರ್ಷದ ಟ್ಯಾಕ್ಸನ್ನು ರಾಚಪ್ಪ ಸಾಯುವ ಹದಿನೈದು ದಿನ ಮೊದಲಷ್ಟೇ ತುಂಬಿದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ ದುಂಡಪ್ಪ ಹೊಸ ಸುದ್ದಿ ಹೇಳಿದ. ಗಾಡಿಯನ್ನು ರಸ್ತೆಯಿಂದ ತೆಗೆದಿದ್ದೇವೆ ಅಂತ ಬೆಳಗಾವಿಯ ಮೋಟಾರು ಕಚೇರಿಗೆ ಬರೆದುಕೊಟ್ಟು, ಮುಂದಿನ ಗಾಜಿಗೆ ಅಂಟಿಸಿದ ಟ್ಯಾಕ್ಸಿನ ಚೀಟಿಯನ್ನೂ ರಿಜಿಸ್ಟ್ರಿ ಪುಸ್ತಕವನ್ನೂ ಅಲ್ಲಿ ಒಪ್ಪಿಸಿದರೆ, ನಿಂತಷ್ಟು ತಿಂಗಳಿನ ಟ್ಯಾಕ್ಸು ವಾಪಸ್ ಬರುತ್ತದೆ. ಆದರೆ ಗಾಡಿ ಒಂದು ಮಾರು ದೂರವೂ ರಸ್ತೆಗೆ ಬಿದ್ದಿರಬಾರದು. ಬಿದ್ದದ್ದು ತಿಳಿದರೆ ವಾಪಸ್ ಬರುವುದಿರಲಿ, ಮೇಲೆ ದಂಡ. ಪೆಟ್ರೋಲು ಎಲ್ಲಿಂದ ತಂದಿರಿ ಅಂತ ಪೊಲೀಸರ ಕಾಟ ಬೇರೆ. ಅದಕ್ಕೇ ಗಾಲಿ ಬಿಚ್ಚಿ ದಿಮ್ಮಿಯ ಮೇಲೆ ನಿಲ್ಲಿಸಿಬಿಡೋಣ ಅಂದ.

ಗುರುಲಿಂಗಪ್ಪನಿಗೆ ಸರಿ ಅನಿಸಿತು. ನಿಂತ ಗಾಡಿಗೆ ಸರಕಾರಕ್ಕೆ ಯಾಕೆ ಕೊಡಬೇಕು ಅಂದ. ರೊಟ್ಟಿ ತಟ್ಟುತ್ತಿದ್ದ ಅಕ್ಕವ್ವನ ಕೈ ನಿಂತಿತು.

"ಗಾಲಿ ತಗದ್ರ ಅವ ಹೆಂಗ ಬರ್ತಾನ?"

"ಯಾರಬೇ?" ಅಂದ ದುಂಡಪ್ಪ.

ಅಕ್ಕವ್ವ ಸೊಸೆಯ ಕಡೆ ತಿರುಗಿದಳು. "ಹೇಳವ್ವ ಪಾರವ್ವ. ಕೀಲಿ ತಿರುವಿದಾವನ ಕೂಡ ನನಗ ಮಾತಿಲ್ಲ ಅಂತ ಹೇಳು."

ದುಂಡಪ್ಪ ಅರ್ಧ ಗಂಗಾಳ ಬಿಟ್ಟು ಎದ್ದ. ಬಾಗಿಲಲ್ಲಿ ನಿಂತು, "ಕೀಲಿ ತಿರುವದಿದ್ರ ಇವತ್ತಿಗೂ ಓಡತಿತ್ತೇನ ಅದು? ನಾ ಏನ ಮಾಡಬೇಕಿತ್ತ ಹೇಳಬೇ," ಅಂದ. ಅವಳು ಒಲೆಗೆ ಕಟ್ಟಿಗೆ ನೂಕಿದಳು.

ಮೋಟಾರು ರಾಚಪ್ಪನ ಹೆಸರಿನಲ್ಲಿತ್ತು. ಅವನ ಹಿಂದೆ ಪಾರವ್ವನ ಹೆಸರಿಗೆ ಬಂದಿತ್ತು. ಅವಳು ನಾಲ್ಕನೇ ಇಯತ್ತೆಯ ತನಕ ಸಾಲಿ ಕಲಿತವಳು. ಓದಿ ನೋಡಿಯೇ ಅರ್ಜಿಗೆ ಸಹಿ ಮಾಡಿದಳು. ಗೋಕಾಕದಿಂದ ಬಂದ ಮಿಸ್ತ್ರಿ ನಾಲ್ಕೂ ಗಾಲಿ ಬಿಚ್ಚಿ ಅಡ್ಡಗೋಡೆಯ ಹಿಂದೆ ಒರಗಿಸಿದ. ಮೋಟಾರನ್ನು ಬೇವಿನ ದಿಮ್ಮಿಗಳ ಮೇಲೆ ಏರಿಸಿದ. ಗೇರಿನಲ್ಲಿ ಹಾಕಿ ಇಟ್ಟಿದ್ದೇನೆ, ಅಲುಗಾಡುವುದಿಲ್ಲ ಅಂದ. ಟಾಕಿಯಲ್ಲಿದ್ದ ಪೆಟ್ರೋಲು ಬಸಿದು ಇಡಿ ಅಂದಾಗ ಅಕ್ಕವ್ವ ಅಡ್ಡ ನಿಂತಳು. ಇರಲಿ ಬಿಡು ಅಂದ ಗುರುಲಿಂಗಪ್ಪ. ಮೈಲು ತೋರಿಸುವ ಅಂಕಿಗಳನ್ನು ದುಂಡಪ್ಪ ಅರ್ಜಿಯಲ್ಲಿ ಬರೆದುಕೊಂಡ. ಪಾರವ್ವ ಹಿಂದಿನ ಸೀಟು ಹರಿದಲ್ಲಿ ತನ್ನ ಹಳೆಯ ಕುಪ್ಪಸದ ಹಸಿರು ಖಣದ ತುಂಡು ಹಚ್ಚಿ ಹೊಲಿದಳು. ಯಾಕೆ ಹೊಲಿಯುತ್ತೀ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳಿಗೂ ಗೊತ್ತಿರಲಿಲ್ಲ.

ಅದಾಗಿ ಒಂದೂವರೆ ತಿಂಗಳಿಗೆ ಅವಳ ಅಣ್ಣ ಅಪ್ಪಣ್ಣ ಮೂಡಲಗಿಯಿಂದ ಬಂದ. ಪಡಸಾಲೆಯಲ್ಲಿ ಕೂತು ಬೆಲ್ಲ-ನೀರು ಕುಡಿದು, ಮಾತು ಸುತ್ತಿ ಬಳಸಿ ಕೊನೆಗೆ ಬಂದ ಕೆಲಸ ಹೇಳಿದ. ಮೂಡಲಗಿಯಲ್ಲಿ ಅರಿವೆ ಅಂಗಡಿಯವನೊಬ್ಬನಿದ್ದಾನೆ, ಹೆಂಡತಿ ತೀರಿಕೊಂಡಿದ್ದಾಳೆ, ವಿಧವೆಯನ್ನು ಉಡಿಕಿ ಮಾಡಿಕೊಳ್ಳಲು ತಯಾರಿದ್ದಾನೆ. ಪಾರವ್ವನಿಗೆ ಮಕ್ಕಳಿಲ್ಲ, ಇಪ್ಪತ್ಮೂರು ವಯಸ್ಸು, ಹೀಗೇ ಎಷ್ಟು ದಿನ?  ಗುರುಲಿಂಗಪ್ಪ, ಮಗಳಾಗಿದ್ದರೆ ಕಳಿಸುತ್ತಿದ್ದೆನೋ ಇಲ್ಲವೋ, ಅವಳ ಮನಸ್ಸು ಕೇಳಿರಿ ಅಂದ. ಟ್ಯಾಕ್ಸಿನ ರೊಕ್ಕ ಬಂದರೆ ಅದು ಅವಳದೇ, ಕಟ್ಟಿಕೊಂಡು ಹೋಗಲಿ ಅಂತಲೂ ಅಂದ.

ಅಕ್ಕವ್ವ ಒಳಗಿನಿಂದಲೇ ಹೇಳಿದಳು: "ಮೋಟಾರು ಆಕಿ ಹೆಸರಿನಾಗ ಐತಿ. ಆಕಿ ಹೋದ್ರ ಅದೂ ಹೋಗತೈತಿ. ಆಮ್ಯಾಲ ನನಗೇನ ಉಳೀತು?"

ಪಾರವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಪ್ಪಣ್ಣ ಇನ್ನೊಮ್ಮೆ ಬರುತ್ತೇನೆ ಅಂತ ಹೋದ.

ಆ ವಾರವೇ ಮರೆವ್ವ ಬಂದಳು. ಊರ ಹೊರಗಿನ ತೋಟದ ಮನೆಯವಳು, ಸಂತೆ ಸಂತೆಗೆ ಬೆಣ್ಣೆ ಮಾರುವವಳು. ಬಾಗಿಲ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿ ಎರಡಾಣೆ ತೆಗೆದಳು.

"ತಗೋ ತಂಗಿ, ನಿನ್ನಿನ ಬಾಡಿಗಿ. ಇಳಿಯೂಮುಂದ ಕೊಡಾಕ ಹೋದ್ರ ಡ್ರೈವರ ಹೊಳ್ಳಿ ಸುದ್ಧಾ ನೋಡಲಿಲ್ಲ."

ಯಾವ ಬಾಡಿಗೆ ಅಂದಳು ಪಾರವ್ವ. ಹುಕ್ಕೇರಿ ಸಂತೆ ಮುಗಿಸಿ ಬಿಸಿಲಲ್ಲಿ ನಡೆದು ಬರುತ್ತಿದ್ದೆ, ನಿಮ್ಮ ಮೋಟಾರು ಬಾಜೂಕ್ಕೆ ನಿಂತಿತು, ಹತ್ತಿದೆ ಅಂದಳು ಮರೆವ್ವ. ಪಾರವ್ವ ಅವಳ ಕೈ ಹಿಡಿದು ಚಪ್ಪರಕ್ಕೆ ಕರೆದುಕೊಂಡು ಹೋದಳು. ದಿಮ್ಮಿಯ ಮೇಲೆ ಕೂತ ಮೋಟಾರು, ಗಾಲಿ ಇಲ್ಲದ ಗಾಲಿಮನೆ, ಮುಂದಿನ ದೀಪದಿಂದ ಕಂಬಕ್ಕೆ ಜೇಡ ಎಳೆದ ಬಲೆ. ಮರೆವ್ವ ನೋಡಿದಳು. ಸುತ್ತು ಹಾಕಿ ಹಿಂದಿನ ಸೀಟು ಇಣುಕಿದಳು.

"ಇದ ಸೀಟು. ಈ ಹಸರ ಖಣದ ಮ್ಯಾಲ ಕುಂತಿದ್ನಿ. ಮುಂದ ನಿಮ್ಮತ್ತಿ ಕುಂತಿದ್ರು, ಬೆಣ್ಣಿ ಕರಗೀತು ನೆರಳಿಗಿಡು ಅಂದ್ರು."

ಎರಡಾಣೆಯನ್ನು ಕಟ್ಟೆಯ ಮೇಲಿಟ್ಟು, ಹಿಂದಕ್ಕೆ ನೋಡದೆ ಹೊರಟು ಹೋದಳು. ಖಣದ ತುಂಡು ಹಚ್ಚಿದ್ದು ಗಾಲಿ ಬಿಚ್ಚಿದ ಮೇಲೆ. ಅದನ್ನು ಮನೆಯವರ ಹೊರತು ಯಾರೂ ಕಂಡಿರಲಿಲ್ಲ. ಪಾರವ್ವ ಆ ದಿನ ಹಿಟ್ಟು ನಾದುತ್ತ ಎರಡು ಸಲ ನೀರು ಹೆಚ್ಚು ಹಾಕಿದಳು.

ಮುಂದಿನ ಸಂತೆಗೆ ದುರ್ಗಪ್ಪನೆಂಬ ಒಕ್ಕಲಿಗ, ರಾಚಪ್ಪನ ಮೋಟಾರು ತನ್ನ ಚಕ್ಕಡಿಯನ್ನು ದಾಟಿ ಹೋಯಿತು, ಎತ್ತುಗಳು ಬೆದರಿ ಹೊಲಕ್ಕೆ ಇಳಿದವು ಅಂತ ಚಹಾದಂಗಡಿಯಲ್ಲಿ ಹೇಳಿದ. ಧೂಳು ಮಾತ್ರ ಏಳಲಿಲ್ಲ ಅಂದನಂತೆ. ಮಾತು ಬೆಳೆಯಿತು. ಯಾರೋ ಆಗದವರು ಬೆಳಗಾವಿಗೆ ಒಂದು ಅರ್ಜಿ ಗೀಚಿ ಹಾಕಿದರು. ಗುರುಲಿಂಗಪ್ಪನ ಮನೆಗೆ ನೋಟೀಸು ಬಂತು: ಗಾಡಿಯನ್ನು ರಸ್ತೆಯಿಂದ ತೆಗೆದಿದ್ದೇವೆಂದು ಬರೆದುಕೊಟ್ಟು ಓಡಿಸುತ್ತಿದ್ದೀರಿ ಎಂದು ದೂರು ಬಂದಿದೆ, ಇನ್ಸ್‌ಪೆಕ್ಟರು ತಪಾಸಕ್ಕೆ ಬರುವರು, ಮಾಲಕಿ ಪಾರವ್ವ ಮನೆಯಲ್ಲಿ ಹಾಜರಿರಬೇಕು.

ದುಂಡಪ್ಪ ನೋಟೀಸು ಓದಿ ನಕ್ಕ. ಗಾಲಿ ಇಲ್ಲದ ಗಾಡಿ ಎಲ್ಲಿಗೆ ಹೋಗುತ್ತದೆ ಅಂದ. ನಗುತ್ತಲೇ ಚಪ್ಪರಕ್ಕೆ ಹೋದವನು ಬರುವಾಗ ಮುಖದ ಮೇಲೆ ರಕ್ತವಿರಲಿಲ್ಲ. ಅರ್ಜಿಯಲ್ಲಿ ಬರೆದ ಅಂಕಿಗೂ ಈಗಿನ ಅಂಕಿಗೂ ನೂರಾ ಅರವತ್ತೆರಡು ಮೈಲು ಫರಕು ಬಂದಿತ್ತು.

ಅಂದು ಮನೆಯಲ್ಲಿ ದೊಡ್ಡ ಜಗಳವಾಯಿತು. ಬರೆಯುವಾಗ ನೀನೇ ತಪ್ಪಿದ್ದೀ ಅಂದ ಗುರುಲಿಂಗಪ್ಪ. ಮೂರು ಸಲ ನೋಡಿ ಬರೆದಿದ್ದೇನೆ ಅಂದ ದುಂಡಪ್ಪ. ಯಾರಾದರೂ ಗಾಲಿ ಹಾಕಿ ಓಡಿಸಿ ಮತ್ತೆ ಬಿಚ್ಚಿಟ್ಟರೇ? ನಾಲ್ಕು ಗಾಲಿ, ನಾಲ್ಕು ದಿಮ್ಮಿ, ಅದು ಒಬ್ಬರ ಕೆಲಸವಲ್ಲ. ಹಗಲು ಮನೆಯಲ್ಲಿ ಯಾರಿರುತ್ತಾರೆ ಅಂತ ಮಾತು ಬಂತು. ದುಂಡಪ್ಪ ಗಿರಣಿಗೆ ಹೋಗುತ್ತಾನೆ. ಗುರುಲಿಂಗಪ್ಪ ಕಬ್ಬಿನ ಹೊಲದಲ್ಲಿರುತ್ತಾನೆ. ಪಾರವ್ವ ಮಧ್ಯಾಹ್ನದ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋದರೆ ಬರುವುದು ಹೊತ್ತು ಇಳಿದ ಮೇಲೆ. ಉಳಿದವಳು ಅಕ್ಕವ್ವ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ಯಾರ ಮಾತಿಗೂ ತಲೆ ಎತ್ತಲಿಲ್ಲ.

ಸಂತೆಯ ದಿನ ಪಾರವ್ವ ಬುತ್ತಿಯನ್ನು ಪಕ್ಕದ ಹೊಲದವರ ಕೈಯಲ್ಲಿ ಕೊಟ್ಟು ಅರ್ಧ ದಾರಿಯಿಂದಲೇ ತಿರುಗಿದಳು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಿಸಿಲಿಗೆ ನಾಯಿಗಳೂ ಗೋಡೆಗೆ ಅಂಟಿ ಮಲಗಿದ್ದವು. ಅಂಗಳಕ್ಕೆ ಕಾಲಿಡುವ ಮೊದಲೇ ಆ ಸದ್ದು ಕೇಳಿತು.  ಗೋಡೆ ಹಿಡಿದುಕೊಂಡು ಚಪ್ಪರದ ಬದಿಗೆ ಹೋದಳು.

ಅಕ್ಕವ್ವ ಮೋಟಾರಿನ ಮುಂದೆ, ಎಡಗಡೆಯ ಸೀಟಿನಲ್ಲಿ ಕೂತಿದ್ದಳು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು, ಹಣೆ ತುಂಬ ವಿಭೂತಿ, ಮಡಿಲಲ್ಲಿ ಸಂತೆಯ ಚೀಲ. ಮಗನ ಸೀಟು ಬರಿದಾಗಿತ್ತು. ಇಂಜಿನ್ನು ಗುಡುಗುಡು ಅನ್ನುತ್ತಿತ್ತು. ಹಿಂದೆ, ಗಾಲಿ ಇರಬೇಕಾದ ಜಾಗದಲ್ಲಿ, ಎರಡು ಕರಿಯ ಕಬ್ಬಿಣದ ಬಟ್ಟಲುಗಳು ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದವು. ಮೋಟಾರು ಮಾತ್ರ ನಿಂತಲ್ಲೇ ನಿಂತಿತ್ತು. ಜೇಡರ ಬಲೆ ಕೂಡ ಹರಿದಿರಲಿಲ್ಲ, ನಡುಗುತ್ತಿತ್ತು.

ಪಾರವ್ವನಿಗೆ ಮೈಲಿನ ಲೆಕ್ಕ ತಿಳಿಯಿತು. ಗೇರಿನಲ್ಲಿದ್ದ ಗಾಡಿ, ಗಾಲಿ ಇಲ್ಲದಿದ್ದರೂ ಒಳಗಿನ ಯಂತ್ರ ತಿರುಗುತ್ತದೆ, ಅಂಕಿ ಓಡುತ್ತದೆ. ಮಗನ ಬಾಜೂಕ್ಕೆ ಕೂತು ಗೋಕಾಕಕ್ಕೆ ಹೋಗಿಬರುತ್ತಿದ್ದ ಅತ್ತೆ ಕೀಲಿ ತಿರುವುವುದನ್ನೂ ಕಾಲಿನ ಗುಂಡಿ ಒತ್ತುವುದನ್ನೂ ನೋಡಿ ನೋಡಿ ಕಲಿತಿದ್ದಳು. ಇಷ್ಟೇ ಸಂಗತಿ. ಇಷ್ಟೇ ಅಂತ ತಿಳಿದು ಅವಳ ಎದೆ ಹಗುರಾಯಿತು. ಹತ್ತಿರ ಹೋಗಿ ಬಾಗಿಲ ಮೇಲೆ ಕೈ ಇಟ್ಟಳು.

"ಅತ್ತಿ, ಏನ ಮಾಡಾಕತ್ತೀರಿ?"

ಅಕ್ಕವ್ವ ಬೆಚ್ಚಲಿಲ್ಲ. ಮೆಲ್ಲಗೆ ಕೈ ನೀಡಿ ಕೀಲಿ ತಿರುವಿದಳು. ಕಬ್ಬಿಣದ ಬಟ್ಟಲುಗಳು ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತವು.

"ಈಗ ಬಂದ್ವಿ," ಅಂದಳು. "ಇವತ್ತ ಮಂದಿ ಭಾಳ ಇರಲಿಲ್ಲ. ಯಮಕನಮರಡಿ ಕಡಿಯಾಕಿ ಒಬ್ಬಾಕಿ ಹತ್ತಿದ್ಲು, ಕೂಸಿಗೆ ಜ್ವರ. ದವಾಖಾನಿಗೆ ಬಿಟ್ಟು ಬಂದ್ವಿ. ಕೂಸಿನ ಒಂದ ಕಾಲಾಗಿನ ಗೆಜ್ಜಿ ಬಿದ್ದೈತಿ, ಅದರ ತಾಯಿ ನೋಡಲೇ ಇಲ್ಲ."

 ಪಾರವ್ವ ಅತ್ತೆಯ ರಟ್ಟೆ ಹಿಡಿದು ಇಳಿಸಿಕೊಂಡಳು. ಒಳಗೆ ಕರೆತಂದು ಮಜ್ಜಿಗೆ ಕೊಟ್ಟಳು. ಅಕ್ಕವ್ವ ಗಟಗಟ ಕುಡಿದು, ಧೂಳಿನಲ್ಲಿ ಬಂದವರಂತೆ ಮುಖ ತೊಳೆದುಕೊಂಡಳು. ಮುದುಕಿಗೆ ತಲೆ ತಪ್ಪಿದೆ, ಗಂಡಸರಿಗೆ ಹೇಳಿದರೆ ಬೈದು ಕೀಲಿ ಕಸಿದುಕೊಳ್ಳುತ್ತಾರೆ ಅಂತ ಪಾರವ್ವ ಸುಮ್ಮನಿದ್ದಳು.

ಎರಡು ದಿನ ಬಿಟ್ಟು, ಕಂಕುಳಲ್ಲಿ ಕೂಸು ಎತ್ತಿಕೊಂಡು ಒಬ್ಬ ಹೆಂಗಸು ಬಂದಳು. ಹೆಸರು ಫಕೀರವ್ವ. ಯಮಕನಮರಡಿಯ ಹತ್ತಿರದ ಹಳ್ಳಿ, ನಿಮ್ಮ ಮನೆ ಕೇಳಿಕೊಂಡು ಬಂದೆ ಅಂದಳು. ಕೂಸಿನ ಜ್ವರ ಇಳಿದಿದೆ, ಹೊತ್ತಿಗೆ ಸರಿಯಾಗಿ ದವಾಖಾನೆ ಮುಟ್ಟಿಸಿದಿರಿ, ನಿಮ್ಮ ಉಪಕಾರ ದೊಡ್ಡದು ಅಂದಳು. ಆಮೇಲೆ ಸಂಕೋಚದಿಂದ ಕೇಳಿದಳು: "ಕೂಸಿನ ಬೆಳ್ಳಿ ಗೆಜ್ಜಿ ಒಂದು ನಿಮ್ಮ ಮೋಟಾರಿನಾಗ ಏನರ ಬಿದ್ದೈತೇನ್ರಿ? ತವರಮನಿಯವರು ಕೊಟ್ಟಿದ್ದು."

ಪಾರವ್ವ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಒಬ್ಬಳೇ ಚಪ್ಪರಕ್ಕೆ ಹೋದಳು. ಹಿಂದಿನ ಸೀಟಿನ ಸಂದಿಯಲ್ಲಿ ಕೈ ತೂರಿಸಿದಳು. ತಣ್ಣಗಿನದೊಂದು ಬೆರಳಿಗೆ ಹತ್ತಿತು. ಹೊರಗೆ ತಂದು ಕೂಸಿನ ಕಾಲಿಗೆ ತಾನೇ ಹಾಕಿದಳು. ಇನ್ನೊಂದು ಕಾಲಿನದಕ್ಕೂ ಇದಕ್ಕೂ ಒಂದೇ ಜೋಡಿ. ಫಕೀರವ್ವನಿಗೆ ಊಟ ಹಾಕಿದಳು, ಬುತ್ತಿ ಕಟ್ಟಿಕೊಟ್ಟಳು, ಮೋಟಾರು ತೋರಿಸಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ರಾತ್ರಿ ದುಂಡಪ್ಪ, ವೈನಿ ನಿಮಗೇನಾಗಿದೆ, ಊಟಕ್ಕೆ ಉಪ್ಪೇ ಇಲ್ಲ ಅಂದಾಗ ಉಪ್ಪಿನ ಡಬ್ಬಿ ತಂದು ಅವನ ಮುಂದಿಟ್ಟಳು.

ಮರುದಿನವೇ ಇನ್ಸ್‌ಪೆಕ್ಟರು ಬಂದ. ನಡುವಯಸ್ಸಿನವ, ಸಣ್ಣಗೆ ಕೆಮ್ಮುತ್ತಿದ್ದ. ಮೋಟಾರಿನ ಸುತ್ತ ಎರಡು ಸುತ್ತು ಹಾಕಿದ. ದಿಮ್ಮಿಗಳ ಬುಡದಲ್ಲಿ ಗೆದ್ದಲು ಕಟ್ಟಿದ್ದನ್ನು ಕೋಲಿನಿಂದ ಮುಟ್ಟಿ ನೋಡಿದ. ಆಮೇಲೆ ಮೈಲಿನ ಅಂಕಿ ನೋಡಿ ಕಾಗದದ ಜೊತೆ ತಾಳೆ ಹಾಕಿದ. ಅವನ ಹುಬ್ಬು ಮೇಲೆ ಹೋಯಿತು.  ಆ ದಿನಗಳಲ್ಲಿ ಕಳ್ಳ ಪೆಟ್ರೋಲಿನ ಹೆಸರಿನಲ್ಲಿ ಬೇಡಿ ಬಿದ್ದವರನ್ನು ಗುರುಲಿಂಗಪ್ಪ ಕಂಡಿದ್ದ.

"ಇದೇನು? ನೂರಾ ಅರವತ್ತಕ್ಕಿಂತ ಜಾಸ್ತಿ ಮೈಲು ಹೆಂಗ ಓಡೇತಿ?"

ದುಂಡಪ್ಪ ಬಾಯಿ ತೆರೆಯುವ ಮೊದಲೇ ಪಾರವ್ವ ಮುಂದೆ ಬಂದಳು. "ನಾ ಇಂಜಿನ್ನ ಚಾಲೂ ಮಾಡಿದ್ನಿರಿ. ಇಟ್ಟಲ್ಲೇ ಇಟ್ರ ಬ್ಯಾಟ್ರಿ ಕೆಡತೈತಿ ಅಂತ ಅವರು ಹೇಳತಿದ್ರು. ಗೇರಿನಾಗ ಇತ್ತು, ನನಗ ಅದು ತಿಳೀಲಿಲ್ಲ."

ಮನೆಯವರೆಲ್ಲ ಅವಳ ಮುಖ ನೋಡಿದರು. ಇನ್ಸ್‌ಪೆಕ್ಟರು ನಂಬದವನಂತೆ ತಾನೇ ಹತ್ತಿ ಕೂತ, ರಾಚಪ್ಪನ ಸೀಟಿನಲ್ಲಿ. ಕೀಲಿ ತಿರುವಿ ಗುಂಡಿ ಒತ್ತಿದ. ಸದ್ದು ಎದ್ದಿತು, ಬಟ್ಟಲುಗಳು ತಿರುಗಿದವು. ಕೊನೆಯ ಅಂಕಿ ಮೆಲ್ಲಗೆ ಮಗ್ಗಲು ಬದಲಿಸಿದ್ದನ್ನು ನೋಡಿ ಅವನು ಮೊದಲ ಸಲ ನಕ್ಕ. ಗಾಲಿ ಇಲ್ಲದೆ ಓಡಿದ ಮೈಲಿಗೆ ಸರಕಾರ ಟ್ಯಾಕ್ಸು ಹಾಕಿಲ್ಲ ಬಿಡಿ ಅಂದ. ಅಕ್ಕವ್ವ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದಳು. ಬೇರೆಯವನೊಬ್ಬ ಆ ಸೀಟಿನಲ್ಲಿ ಕೂತು ಕೀಲಿ ಬಂದ್ ಮಾಡಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರು ಕಟ್ಟೆಯ ಮೇಲೆ ಕಾಗದ ಹಾಸಿದ. ಸದರಿ ವಾಹನವು ಈ ಅವಧಿಯಲ್ಲಿ ಯಾವುದೇ ಸಾರ್ವಜನಿಕ ರಸ್ತೆಯ ಮೇಲೆ ಓಡಿರುವುದಿಲ್ಲ, ಯಾರನ್ನೂ ಹತ್ತಿಸಿಕೊಂಡಿರುವುದಿಲ್ಲ, ಇದು ನನ್ನ ತಿಳಿವಳಿಕೆಗೆ ಸತ್ಯವೆಂದು ಪ್ರಮಾಣ ಮಾಡುತ್ತೇನೆ ಎಂದಿತ್ತು. ಪಾರವ್ವ ಓದಿದಳು. ಬೆರಳಿಗೆ ಹತ್ತಿದ ಆ ತಣ್ಣಗಿನ ಬೆಳ್ಳಿ ಇನ್ನೂ ಅಲ್ಲೇ ಇದ್ದಂತಿತ್ತು. ಮಾವ ಅವಳನ್ನು ನೋಡುತ್ತಿದ್ದ. ಅವಳು ಸಹಿ ಮಾಡಿದಳು.

ರೊಕ್ಕ ಮಂಜೂರಾಗಿ ಬರಲು ಎರಡು ತಿಂಗಳು ಹಿಡಿಯಿತು. ದುಂಡಪ್ಪ ಒಂದು ಪೈಸೆ ಮುರಿಯದೆ ಅದನ್ನು ಅವಳಿಗೆ ತಂದು ಮುಟ್ಟಿಸಿದ. ಅದು ಆಮೇಲಿನ ಮಾತು.

ಆ ದಿನ ಗಂಡಸರು ಉಂಡು ಎದ್ದ ಮೇಲೆ ಅತ್ತೆ-ಸೊಸೆ ಊಟಕ್ಕೆ ಕೂತರು.

"ಏನ ಬರದಿ?" ಅಂದಳು ಅಕ್ಕವ್ವ.

"ಓಡಿಲ್ಲ ಅಂತ ಬರದೇನ್ರಿ."

"ನಿನಗ ಗೊತ್ತಿತ್ತಲ್ಲ."

"ಗೊತ್ತಿತ್ರಿ."

ಅಕ್ಕವ್ವ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಳು. ಸೊಸೆ ಸುಳ್ಳು ಹೇಳಿದ್ದು ತನ್ನನ್ನು ಉಳಿಸಲು ಅಂತ ಅವಳಿಗೂ ತಿಳಿದಿತ್ತು. "ಬರೇ ರೊಟ್ಟಿ ತಿನಬ್ಯಾಡ, ಬೆಣ್ಣಿ ಹಚ್ಚಿಕೋ," ಅಂದು ಬೆಣ್ಣೆಯ ಬಟ್ಟಲು ಸರಿಸಿದಳು. ಆಮೇಲೆ ಪಡಸಾಲೆಯ ಕಡೆ ಮುಖ ಮಾಡಿ, ಇಷ್ಟು ತಿಂಗಳಿನ ಮೇಲೆ ಮೊದಲ ಸಲ, "ದುಂಡಪ್ಪ, ನಿನಗ ಇನ್ನೊಂದ ರೊಟ್ಟಿ ಬೇಕೇನೋ?" ಅಂತ ಕೇಳಿದಳು.  ಅವನು ಬೇಕು ಅಂದ. ಹೊಟ್ಟೆ ತುಂಬಿದ್ದರೂ ಬಂದು ಕೂತು ತಿಂದ.

ಮುಂದಿನ ಮಂಗಳವಾರ ಬುತ್ತಿ ಕಟ್ಟುವ ಹೊತ್ತಿಗೆ ಅಕ್ಕವ್ವ, ಇವತ್ತು ಹೊಲಕ್ಕೆ ನೀನು ಹೋಗಬೇಡ, ದುಂಡಪ್ಪನಿಗೆ ಸೂಟಿ ಇದೆ, ಅವನು ಒಯ್ಯಲಿ ಅಂದಳು. ಅವನು ಹೋದ ಮೇಲೆ ಸೊಸೆಯ ತಲೆಗೆ ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕಿದಳು. ಕೈ ಹಿಡಿದು ಚಪ್ಪರಕ್ಕೆ ಕರೆದುಕೊಂಡು ಹೋದಳು. ಪಾರವ್ವನಿಗೆ ಬೇಡ ಅನ್ನಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಳು. ಅಕ್ಕವ್ವ ಮುಂದೆ ಎಡಗಡೆ ಹತ್ತಿ, ಕೀಲಿ ತಿರುವಿ ಕಾಲು ಚಾಚಿದಳು.

ಮೋಟಾರು ನಡುಗತೊಡಗಿತು. ಪಾರವ್ವ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು; ಸುಣ್ಣ ಉದುರಿದ ಗೋಡೆ, ಮೊಳೆಗೆ ತೂಗು ಹಾಕಿದ ಎತ್ತಿನ ನೊಗದ ಜತ್ತಿಗೆ. ಅದು ಎಲ್ಲಿಗೂ ಹೋಗಲಿಲ್ಲ. ಆದರೆ ಮುಖಕ್ಕೆ ಗಾಳಿ ಬಡಿಯಿತು. ಹಸಿ ಕಬ್ಬಿನ ವಾಸನೆ, ಆಮೇಲೆ ಹೊಳೆಯ ನೀರಿನ ವಾಸನೆ, ಆಮೇಲೆ ಎಲ್ಲೋ ಸುಡುವ ತೊಗರಿಕಟ್ಟಿಗೆಯ ಹೊಗೆ. ಮುಂದೆ ಗಂಡ ಕೂಡುತ್ತಿದ್ದ ಸೀಟನ್ನು ಅವಳು ನೋಡಲಿಲ್ಲ. ನೋಡಿದರೆ ಖಾಲಿ ಇರಬಹುದು ಅಂತ ಒಂದು ಹೆದರಿಕೆ, ಖಾಲಿ ಇರಲಿಕ್ಕಿಲ್ಲ ಅಂತ ಇನ್ನೊಂದು. ಕಣ್ಣು ಮುಚ್ಚಿ ಸೀಟಿನ ಅಂಚು ಹಿಡಿದು ಕೂತಳು. ಎಷ್ಟು ಹೊತ್ತು ಅಂತ ತಿಳಿಯಲಿಲ್ಲ. ಸದ್ದು ನಿಂತಿತು.

"ಮೂಡಲಗಿ ಬಂತು. ಇಳಿ," ಅಂದಳು ಅಕ್ಕವ್ವ. ಹಿಂದಕ್ಕೆ ತಿರುಗಲಿಲ್ಲ. "ನಾವು ಹೊಳ್ಳಿ ಹೋಗತೇವಿ. ನೀ ಇನ್ನ ನಮ್ಮ ಜೋಡಿ ಬರೂದು ಬ್ಯಾಡ."

ಪಾರವ್ವ ಬಾಗಿಲು ತೆರೆದು ಇಳಿದಳು. ಚಪ್ಪರದ ನೆಲ ಕಾಲಿಗೆ ಹತ್ತಿತು. ಅಲ್ಲೇ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗಂಡ ಸತ್ತ ದಿನ ಹೀಗೆ ಅತ್ತಿರಲಿಲ್ಲ.

ಶುಕ್ರವಾರ ಅಪ್ಪಣ್ಣ ಬಂದು ಮತ್ತೆ ಕೇಳಿದಾಗ ಅವಳು ಹೂಂ ಅಂದಳು. ಗುರುಲಿಂಗಪ್ಪ ಎರಡು ಸೀರೆ ತಂದ. ಅಕ್ಕವ್ವ ಉಡಿ ತುಂಬಿದಳು, ಅಳಲಿಲ್ಲ. ಮೋಟಾರಿನ ಕೀಲಿಯನ್ನು ದುಂಡಪ್ಪನ ಕೈಯಲ್ಲಿ ಕೊಟ್ಟು, ಯಾರಾದರೂ ಒಳ್ಳೆಯ ಗಿರಾಕಿ ಬಂದರೆ ಮಾರಿಬಿಡು ಅಂದಳು. ಚಕ್ಕಡಿ ಓಣಿ ದಾಟುವ ತನಕ 'ಹೋಗಿ ಬಾ' ಅನ್ನಲಿಲ್ಲ. ದಾಟಿದ ಮೇಲೆ ಅಂದಳೋ ಏನೋ, ಎತ್ತಿನ ಗಂಟೆಯ ಸದ್ದಿನಲ್ಲಿ ಪಾರವ್ವನಿಗೆ ಕೇಳಲಿಲ್ಲ.

ಮೂಡಲಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಪ್ಪಣ್ಣನ ಹೆಂಡತಿ ಕಾಶೆವ್ವ ಬಾಗಿಲಿಗೆ ನೀರಿನ ತಂಬಿಗೆ ತಂದಳು. ನಾದಿನಿಯ ಮುಖ ನೋಡುತ್ತಲೇ ತಂಬಿಗೆ ಕೆಳಗಿಟ್ಟುಬಿಟ್ಟಳು. ಗಂಡ ಎತ್ತು ಬಿಚ್ಚಲು ಹಿತ್ತಲಿಗೆ ಹೋಗುವ ತನಕ ತಡೆದು, ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಮಂಗಳಾರ ಎಲ್ಲಿ ಹೋಗಿದ್ದಿ ಪಾರವ್ವ? ಮಧ್ಯಾನ್ನ ಊರ ಅಗಸಿ ಮುಂದ ಕರಿ ಮೋಟಾರಿನಿಂದ ಇಳದದ್ದು ನಾನ ನೋಡೇನಿ. ಹೊಸದಾಗಿ ಹೆರಳ ಹಾಕ್ಕೊಂಡಿದ್ದಿ, ಬಾಯಿಗೆ ಸೆರಗ ಹಿಡಕೊಂಡ ಅಳತಿದ್ದಿ. ನಾ ಒಳಗ ಹೋಗಿ ನೀರ ತಗೊಂಡ ಬರೂದರಾಗ ಇರಲಿಲ್ಲ. ನಿನ್ನ ತಾಟ ಸಂಜಿತನಕ ಮುಚ್ಚಿಟ್ಟಿದ್ನಿ. ನಿಮ್ಮಣ್ಣಗ ಹೇಳಾಕ ಹೆದರಿಕಿ ಆತು. ಖರೆ ಹೇಳು, ನೀ ಬಂದಿದ್ದಿಲ್ಲೇನು?"

ಪಾರವ್ವ ತಂಬಿಗೆ ಎತ್ತಿಕೊಂಡು ಕಾಲಿಗೆ ನೀರು ಸುರಿದುಕೊಂಡಳು.

"ಬಂದಿದ್ನಿ ವೈನಿ," ಅಂದಳು. "ನಮ್ಮತ್ತಿನ ಬಂದು ಬಿಟ್ಟ ಹೋದ್ರು."